ಡಬಲ್ ರೊಟ್ಟಿಯ ಭಟ್ಟಿ

ನಿಲಂಗಾ
ಕಾರ್ತಿಕ ಶುದ್ಧ ಪಂಚಮಿ, ಫಸಲಿ ೧೩೨೫

ಮನೆಯ ಯಜಮಾನರ ಪಾದಗಳಿಗೆ ಕಾಂತಾಬಾಯಿಯ ಶರಣು ಶರಣಾರ್ಥಿಗಳು.

ನಿಮ್ಮ ಹೊಟ್ಟೆಯ ಗಾಯ ಪೂರ್ತಿ ಮಾಯಿತೇ? ನಿದ್ದೆ ಬರುತ್ತಿದೆಯೇ? ಡಾಕ್ಟರು ಕೊಟ್ಟ ಬಿಳಿ ಪುಡಿಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತೀರೋ, ಇಲ್ಲಿ ಮಾಡುತ್ತಿದ್ದ ಹಾಗೆ ಕಿಟಕಿಯಾಚೆ ಚೆಲ್ಲುತ್ತೀರೋ? ಹೈದರಾಬಾದಿನ ಅಷ್ಟು ದೊಡ್ಡ ದವಾಖಾನೆಯಲ್ಲಿ ನಿಮ್ಮ ಮೇಲೆ ಕಣ್ಣಿಡುವವರು ಯಾರಿದ್ದಾರೆ ಎಂಬುದೇ ನನಗೆ ಚಿಂತೆ. ಇಲ್ಲಿ ನಾವೆಲ್ಲ ಕ್ಷೇಮ. ಅತ್ತೆಯವರ ಮೊಣಕಾಲು ಚಳಿಗೆ ಹಿಡಿದುಕೊಂಡಿದೆ, ಬಾಯಿ ಮಾತ್ರ ಎಂದಿನಂತೆ ಚುರುಕಾಗಿದೆ. ಬಿಳಿಜೋಳ ಚೆನ್ನಾಗಿ ಎದ್ದಿದೆ. ನಿಮ್ಮ ದೇವಣಿ ಎತ್ತುಗಳು ನೀವಿಲ್ಲದೆ ಸೊರಗಿಹೋಗಿವೆ ಎಂದು ಬರೆದರೆ ನಿಮಗೆ ಸಂತೋಷವಾಗುತ್ತಿತ್ತೇನೋ, ಆದರೆ ತಿಂದು ತಿಂದು ಗುಂಡಗಾಗಿವೆ.

ನಿಮ್ಮ ಕಾಗದ ಬಂತು. ಓದಿ ಮೊದಲು ಅಳು ಬಂತು, ಆಮೇಲೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಅಕ್ಷರಗಳು ಹೀಗೆ ಒತ್ತಿ ಒತ್ತಿ ಬೀಳುತ್ತಿವೆ. ಹೊಟ್ಟೆ ಕೊಯ್ದ ಡಾಕ್ಟರು ವರ್ಷದ ತನಕ ಜೋಳದ ರೊಟ್ಟಿ, ಖಾರ ಮುಟ್ಟಬಾರದು, ಪೇಟೆಯ ಆ ಉಬ್ಬಿದ ಗೋದಿ ರೊಟ್ಟಿ, ಡಬಲ್ ರೊಟ್ಟಿಯನ್ನೇ ಹಾಲಿನಲ್ಲಿ ನೆನೆಸಿ ತಿನ್ನಬೇಕು ಎಂದಿದ್ದಾರೆ. ಅಂಥ ರೊಟ್ಟಿ ನಮ್ಮ ಮನೆಯಲ್ಲಿ ಹುಟ್ಟುವುದಿಲ್ಲ, ಹೊರಗಿನಿಂದ ತಂದರೆ ಒಳಗೆ ಬಿಡುವುದಿಲ್ಲ, ಆದ್ದರಿಂದ ಅಲ್ಲಿಯೇ ಯಾವುದೋ ಸಾಹುಕಾರರ ಗೋದಾಮಿನಲ್ಲಿ ಚಾಕರಿ ಹಿಡಿದು ಇದ್ದುಬಿಡುತ್ತೇನೆ ಎಂದು ಬರೆದಿದ್ದೀರಿ. ಜಗದೇವಪ್ಪ ಕಾಕಾ ಜನರ ಮುಂದೆ ಆಡಿದ ಮಾತು ನಿಮ್ಮ ಕಿವಿಯವರೆಗೂ ಬಂದಿದೆ. “ಯಾರ ಕೈ ನಾದಿದ ಹಿಟ್ಟೋ ಏನೋ, ಅದನ್ನ ತಿಂದು ಬರ್ತಾನ. ಅವನ ತಾಟ ಕೊಟ್ಟಿಗ್ಯಾಗ ಹಾಕ್ರಿ, ನಮ್ಮ ಪಂಕ್ತ್ಯಾಗ ಬ್ಯಾಡ” ಎಂದದ್ದು ನಿಜ. ಅತ್ತೆಯವರು ಅಲ್ಲಿಯೇ ಕುಳಿತಿದ್ದರು, ತುಟಿ ಬಿಚ್ಚಲಿಲ್ಲ. ಮಾವನವರಿಲ್ಲದ ಮನೆಯಲ್ಲಿ ಮೈದುನನ ಮಾತಿಗೆ ಎದುರಾಡಿದ ಹೆಂಗಸಲ್ಲ ಅವರು. ಕಾಕಾನ ಮಾತಿಗಿಂತ ತಾಯಿಯ ಆ ಮೌನವೇ ನಿಮಗೆ ಹೆಚ್ಚು ನಾಟಿದೆ, ಅದು ನನಗೆ ತಿಳಿಯದೇ? ಕೊನೆಗೆ “ನನ್ನನ್ನು ಬಿಟ್ಟುಬಿಡು” ಎಂದು ಬೇರೆ ಬರೆದಿದ್ದೀರಿ. ಬಿಟ್ಟುಬಿಡಲಿಕ್ಕೆ ನೀವೇನು ಬಾವಿಯ ಹಗ್ಗವೇ? ನಾನು ಬಿಡುವುದಿಲ್ಲ. ಹಿತ್ತಲಲ್ಲಿ ಭಟ್ಟಿ ಕಟ್ಟಿದ್ದೇನೆ.

ನಗಬೇಡಿ, ಪೂರ್ತಿ ಓದಿ. ಗಂಜಿ ಕುಡಿಸಿ ಸಾಕುತ್ತೇನೆ ಬನ್ನಿ ಎಂದು ನಾನು ಕರೆಯಲಾರೆ. ಗಂಜಿ ಕುಡಿದು ಕುಡಿದು ನೀವು ಕಡ್ಡಿಯಾದದ್ದನ್ನೂ, ಮಲಗಿದ ಹೊರಸಿನ ಸಮೇತ ನಿಮ್ಮನ್ನು ಎತ್ತಿ ಗಾಡಿಯಲ್ಲಿಟ್ಟದ್ದನ್ನೂ ಕಂಡವಳು ನಾನು. ಉದಗೀರಿನಿಂದ ರೊಟ್ಟಿ ತರಿಸೋಣವೆಂದರೆ ಕಾಕಾ ಒಳಗೆ ಬಿಡುವುದಿಲ್ಲ, ಬಿಟ್ಟರೂ ಸಂತೆಯಿಂದ ಸಂತೆಗೆ ಅದು ಒಣಗಿ ಹಂಚಾಗಿರುತ್ತದೆ. ಅದಕ್ಕೆ ಉದಗೀರಿನ ಸಂತೆಗೆ ಹೊರಟ ಗಾಡಿಯಲ್ಲಿ, ನಮ್ಮ ಹೊಲದ ಕೆಲಸದ ಮಾಳಮ್ಮನನ್ನು ಜೊತೆ ಮಾಡಿಕೊಂಡು, ಅಲ್ಲಿನ ಕೋಟೆಯ ಹತ್ತಿರ ರೊಟ್ಟಿ ಸುಡುವ ಮದಾರ್ ಸಾಬರ ಅಂಗಡಿಗೆ ಹೋದೆ. ಸೆರಗು ಸರಿಮಾಡಿಕೊಂಡು, ಭಟ್ಟಿ ಕಟ್ಟುವುದು ಹೇಗೆ ಹೇಳಿರಿ ಎಂದೆ. ಅವರು ತಮಾಷೆಯೆಂದು ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಕದಲದೆ ನಿಂತೇ ಇದ್ದೆ. ನಕ್ಕು ಸಾಕಾದ ಮೇಲೆ ಯಾರಿಗೆ ಎಂದು ಕೇಳಿದರು. ಹೇಳಿದೆ. ಆಮೇಲೆ ನಗಲಿಲ್ಲ, ಕಟ್ಟುವ ಬಗೆಯನ್ನೆಲ್ಲ ಹೇಳಿಕೊಟ್ಟರು.

ಕೊಟ್ಟಿಗೆಯ ಗೋಡೆ ಕಟ್ಟಿಸಿ ಉಳಿದ ಸುಟ್ಟ ಇಟ್ಟಿಗೆಗಳು ಹಿತ್ತಲಲ್ಲಿ ಬಿದ್ದಿದ್ದವಲ್ಲ, ಅವನ್ನೇ ತೆಗೆದೆ. ಮೊದಲು ಸೊಂಟದೆತ್ತರದ ಕಲ್ಲಿನ ಕಟ್ಟೆ ಕಟ್ಟಿದೆವು. ಕಾವು ನಿಲ್ಲಲೆಂದು ಅದರ ಮೇಲೆ ಮರಳು, ಉಪ್ಪು ಹಾಸಿ ಇಟ್ಟಿಗೆಯ ನೆಲ ಮಾಡಿದೆವು. ನೆಲದ ಮೇಲೆ ಜೋಳ ತುಂಬುವ ದೊಡ್ಡ ಹೆಡಿಗೆಯನ್ನು ಬೋರಲು ಹಾಕಿ, ಅದರ ಮೈಗುಂಟ ಇಟ್ಟಿಗೆ ಏರಿಸುತ್ತ ಹೋದರೆ ಗುಮ್ಮಟ ತಾನಾಗಿಯೇ ಬರುತ್ತದೆ, ಕೊನೆಗೆ ಒಳಗಿನ ಹೆಡಿಗೆಯನ್ನು ಸುಟ್ಟುಬಿಡುವುದು. ಹೆಡಿಗೆ ಅತ್ತೆಯವರದು. ಕೇಳದೇ ತೆಗೆದುಕೊಂಡೆ, ಕೇಳಿದ್ದರೆ ಕೊಡುತ್ತಿರಲಿಲ್ಲ. ಇಟ್ಟಿಗೆ ಕೂಡಿಸುವ ಮಣ್ಣಿನ ವಿಷಯದಲ್ಲಿ ಮಾತ್ರ ಮದಾರ್ ಸಾಬರ ಮಾತು ಮೀರಿದೆ. ಹುತ್ತದ ಮಣ್ಣು ತಾ ಎಂದಿದ್ದರು. ಹೊಲದ ತುಂಬ ಬೆಣ್ಣೆಯಂಥ ಎರೆಮಣ್ಣು ಇರುವಾಗ ಹುತ್ತ ಕೆದಕುವುದೇಕೆ, ನಮ್ಮ ಎರೆಯನ್ನು ಮೀರಿಸುವ ಮಣ್ಣು ಎಲ್ಲಿದೆ ಎಂಬ ಜಂಬ ನನ್ನದು. ಬಿಸಿಲಿಗೆ ಒಣಗಿದ್ದೇ ತಡ, ಎರೆ ಬೇಸಿಗೆಯ ಹೊಲದಂತೆ ಬಾಯಿಬಿಟ್ಟು, ಬೆಂಕಿ ಕಾಣುವ ಮೊದಲೇ ಗುಮ್ಮಟ ಒಂದು ಕಡೆ ಕುಸಿದು ಕುಳಿತಿತು. ಕಾಕಾ ಬಂದು ನೋಡಿ, “ಹೆಂಗಸ್ರು ಕಟ್ಟಿದ್ ಗುಡಿ ಇಷ್ಟೇ” ಎಂದು ಮೀಸೆಯಲ್ಲೇ ನಕ್ಕು ಹೋದರು. ಮರುದಿನ ಬೆಳಿಗ್ಗೆ ನಾನೂ ಮಾಳಮ್ಮನೂ ಹುತ್ತದ ಮಣ್ಣು ಹೊತ್ತು ತಂದೆವು. ಹಾಲೆರೆಯುವ ಹುತ್ತವಲ್ಲ, ಹಾಳು ಬಿದ್ದದ್ದು, ಹೆದರಬೇಡಿ. ಇಟ್ಟಿಗೆ ಬಿಡಿಸಿ, ಎರೆ ಕೆರೆದು, ಮೊದಲಿಂದ ಕಟ್ಟಿದೆವು. ಈ ಸಲ ಒಳಗಿನ ಹೆಡಿಗೆ ಸುಟ್ಟ ಮೇಲೂ ನಿಂತಿತು.

ಕಚೇರಿಯ ಸಾಹೇಬರಿಗೆ ಬಿಸ್ಕೀಟು ತಲುಪಿಸಲು ಈ ಕಡೆ ಬಂದಿದ್ದ ಮದಾರ್ ಸಾಬರು ಹಿತ್ತಲ ಬಾಗಿಲಲ್ಲಿ ನಿಂತು, “ತಂಗಿ, ನೋಡ್ಲೇನು?” ಎಂದು ಕೇಳಿ, ಭಟ್ಟಿಯ ಬಾಯಲ್ಲಿ ತೋಳು ಹಾಕಿ ಎತ್ತರ ಅಳೆದರು. “ಶಾಬಾಸ್! ಎತ್ತರ ಜರಾ ಜಾಸ್ತಿ ಆಗ್ಯಾದ, ಆದ್ರೂ ನಡೀತದ” ಎಂದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅಡುಗೆಮನೆಯ ಬಾಗಿಲಿಂದ ಅತ್ತೆಯವರು ಇದನ್ನೆಲ್ಲ ನೋಡುತ್ತಿದ್ದರು. ಸಾಬರು ಹೋದದ್ದೇ ತಡ, ಅತ್ತೆಯವರು ಮೊಣಕಾಲಿನ ನೋವನ್ನೂ ಮರೆತು ಒಂದು ಬುಟ್ಟಿ ಸಗಣಿ ಕಲಸಿ ಭಟ್ಟಿಯ ಒಳಗೆಲ್ಲ ದಪ್ಪಗೆ ಸಾರಿಸಿಬಿಟ್ಟರು! ಮಡಿಯಾಗಲಂತೆ. ನಮ್ಮ ಒಲೆಗಳನ್ನು ದಿನವೂ ಸಾರಿಸುವುದಿಲ್ಲವೇ, ನನಗೂ ಇದರಲ್ಲಿ ತಪ್ಪು ಕಾಣಲಿಲ್ಲ. ರೊಟ್ಟಿಗೆಂದು ಮೊದಲ ಸಲ ಬೆಂಕಿ ಹಾಕಿ, ಕೆಂಡ ಹೊರಗೆಳೆದು, ರೊಟ್ಟಿ ಇಟ್ಟು ಬಾಯಿ ಮುಚ್ಚಿದೆ. ತೆರೆದು ನೋಡಿದರೆ ಸಗಣಿಯೆಲ್ಲ ಸುಟ್ಟು, ಹಕ್ಕಳೆಯಾಗಿ ಉದುರಿ, ರೊಟ್ಟಿಗಳು ವಿಭೂತಿ ಧರಿಸಿಕೊಂಡು ಕುಳಿತಿವೆ. ನಾನು ನಗಬೇಕೋ ಅಳಬೇಕೋ ತಿಳಿಯದೆ ಅತ್ತೆಯವರ ಮುಖ ನೋಡಿದೆ. ಅವರು ಮುಖ ತಿರುಗಿಸಿಕೊಂಡು ಒಳಗೆ ಹೋದರು. ಆದರೆ ಮರುದಿನ ನಾನು ಆ ಹಕ್ಕಳೆ ಕೆರೆಯುವಾಗ, ಹಳೆಯ ಸವುಟು ತಂದು ಪಕ್ಕದಲ್ಲಿಟ್ಟು ಹೋದರು.

ಇನ್ನೂ ದೊಡ್ಡ ತೊಡಕು ಹಿಟ್ಟಿನದು. ಡಬಲ್ ರೊಟ್ಟಿಯ ಹಿಟ್ಟು ಉಬ್ಬಲು ಸೇಂದಿ ಹಾಕುತ್ತಾರಂತೆ! ಈಚಲ ಮರದ ಸೇಂದಿ ನಮ್ಮ ಮನೆಯಲ್ಲಿ! ಕಾಕಾ ಇರಲಿ, ಲಿಂಗ ಕಟ್ಟಿಕೊಂಡ ನನಗೇ ಮೈ ಜುಮ್ಮೆಂದಿತು. ಬೇರೆ ದಾರಿ ಹೇಳಿರಿ ಎಂದು ಮಾಳಮ್ಮನ ಕೈಯಲ್ಲಿ ಉದಗೀರಿಗೆ ಹೇಳಿ ಕಳಿಸಿದೆ. “ನಮ್ಮ ಅಮ್ಮಾ ಮನ್ಯಾಗ ಮೊಸರು, ಸೋಂಪು ಹಾಕಿ ಹುಳಿ ಬರಸ್ತಿದ್ಳು. ಏಳ್ತದ, ಆದ್ರ ಭಾಳ ಸತಾಯಿಸ್ತದ” ಎಂದು ಮದಾರ್ ಸಾಬರು ಹೇಳಿ ಕಳಿಸಿದರು. ಸತಾಯಿಸುವುದೆಂದರೆ ಹೇಗೆ ಎಂದು ಕೇಳಿ. ಹಿಟ್ಟಿಗೆ ಮೊಸರು, ಸೋಂಪಿನ ನೀರು ಹಾಕಿ ನಾದಿ, ಕಂಬಳಿ ಹೊದಿಸಿ ಬೂದಿಯ ಹತ್ತಿರ ಇಟ್ಟೆ. ಒಮ್ಮೆ ಏಳಲೇ ಇಲ್ಲ. ಒಮ್ಮೆ ಎದ್ದು, ಭಟ್ಟಿಯೊಳಗೆ ಹೋಗಿ ಮತ್ತೆ ಮಲಗಿತು. ಒಮ್ಮೆ ಕಟ್ಟಿಗೆ ಹೆಚ್ಚಾಗಿ ಮೇಲೆ ಕರಕಲಾಗಿ ಒಳಗೆ ಹಸಿ ಉಳಿಯಿತು. ಎತ್ತುಗಳು ಗುಂಡಗಾದದ್ದು ಹೇಗೆಂದು ಈಗ ನಿಮಗೆ ತಿಳಿದಿರಬೇಕು. ಕೊನೆಗೆ ಜಾಲಿ ಕಟ್ಟಿಗೆ ಬಿಟ್ಟು ತೊಗರಿ ಕಟ್ಟಿಗೆ ಉರಿಸಿದೆ. ಕೆಂಡ ಎಳೆದ ಮೇಲೆ ಒದ್ದೆ ಬಟ್ಟೆಯಿಂದ ನೆಲ ಒರೆಸಿ, ಸ್ವಲ್ಪ ತಡೆದು ಇಟ್ಟೆ. ನಿನ್ನೆ ತೆರೆದಾಗ ರೊಟ್ಟಿ ಹೊಂಬಣ್ಣಕ್ಕೆ ತಿರುಗಿ ಉಬ್ಬಿ ನಿಂತಿತ್ತು. ಮುರಿದರೆ ಒಳಗೆ ಹತ್ತಿ. ಹಾಲಿನಲ್ಲಿ ಹಾಕಿದರೆ ಕರಗಿಯೇ ಹೋಯಿತು. ಅಲ್ಲಿಯೇ ಕಟ್ಟೆಯ ಮೇಲೆ ಕುಳಿತು, ನಿಮ್ಮನ್ನು ನೆನೆದು ಜೋರಾಗಿ ಅತ್ತೆ. ಮಾಳಮ್ಮ ಕೈ ಸುಟ್ಟಿತೇನೋ ಎಂದು ಓಡಿ ಬಂದಳು.

ಕಾಕಾ ಇನ್ನೂ ಹಾಗೆಯೇ ಇದ್ದಾರೆ. ಭಟ್ಟಿಯ ಪಕ್ಕದಲ್ಲಿ ಹಾಯುವಾಗ ಮೂಗಿಗೆ ರುಮಾಲು ಹಿಡಿಯುತ್ತಾರೆ. ಹಿಡಿಯಲಿ. ಸ್ನಾನ ಮಾಡಿ, ಪೂಜೆ ಮುಗಿಸಿ, ನಮ್ಮ ಹೊಲದ ಗೋದಿಯನ್ನು ನಾನೇ ಬೀಸಿ ನಾನೇ ನಾದಿದ ರೊಟ್ಟಿಯಿದು. ಪಂಕ್ತಿಯ ಮಾತು ನನ್ನ ಕೈಯಲ್ಲಿಲ್ಲ, ರೊಟ್ಟಿ ನನ್ನ ಕೈಯಲ್ಲಿದೆ. ಆ ಗೋದಾಮಿನ ಚಾಕರಿ ಬೇಡವೆಂದು ಹೇಳಿಬಿಡಿ. ಡಾಕ್ಟರು ಬಿಟ್ಟ ಕೂಡಲೇ ರೈಲು ಹತ್ತುವ ದಿನ ತಿಳಿಸಿ, ಗುಲ್ಬರ್ಗಾ ಸ್ಟೇಷನ್ನಿಗೆ ನಮ್ಮ ಗಾಡಿ ಬರುತ್ತದೆ. ದಾರಿಗೆ ರೊಟ್ಟಿ ಕಟ್ಟಿಕೊಳ್ಳುತ್ತೇನೆ. ನಾನೂ ಗಾಡಿಯಲ್ಲಿ ಬರುತ್ತೇನೆ, ಯಾರು ಏನೆಂದರೂ ಬರುತ್ತೇನೆ. ನನಗೆ ನೀವು ಬೇಕು. ಇದನ್ನು ಇದಕ್ಕಿಂತ ಚೆನ್ನಾಗಿ ಬರೆಯುವ ವಿದ್ಯೆಯನ್ನು ಮಠದಲ್ಲಿ ನನಗೆ ಯಾರೂ ಕಲಿಸಲಿಲ್ಲ.

ಚಳಿಯಲ್ಲಿ ತಲೆಗೆ ಬಟ್ಟೆ ಸುತ್ತಿಕೊಳ್ಳಿ. ಶಿವನು ನಿಮ್ಮ ಹೊಟ್ಟೆಯನ್ನು ತಣ್ಣಗಿಡಲಿ.

ನಿಮ್ಮ ದಾರಿ ಕಾಯುವ
ಕಾಂತಾಬಾಯಿ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಈಗಷ್ಟೇ ಅತ್ತೆಯವರು ಪೂಜೆ ಮುಗಿಸಿ, ಅಂಗೈಯಲ್ಲಿ ಲಿಂಗ ಹಿಡಿದುಕೊಂಡೇ ಹೊರಗೆ ಬಂದು “ಆ ಉಬ್ಬಿದ್ ರೊಟ್ಟಿ ಒಂದು ಕೊಡು” ಎಂದರು. ಕೊಟ್ಟೆ. ಲಿಂಗಕ್ಕೆ ಅರ್ಪಿಸಿ, ಊಟಕ್ಕೆ ಕುಳಿತಿದ್ದ ಕಾಕಾನ ಎದುರಿಗೇ ಹಾಲಿನಲ್ಲಿ ಅದ್ದಿ ತಿಂದರು. ಕಾಕಾ ಗಾಬರಿಯಾಗಿ ಅತ್ತಿಗೆಯ ಕಡೆ ತಿರುಗಿ “ವೈನೀ, ಏನ್ ಮಾಡ್ಲತ್ತೀರಿ?” ಎಂದರು. “ನನ್ನ ಲಿಂಗ ಉಂಡಾದ, ನಾ ಉಂಡೀನಿ. ಇನ್ನ ನನ್ನ ಮಗ ರೇವಣ್ಯಾನ ತಾಟ ಕೊಟ್ಟಿಗ್ಯಾಗ ಹಾಕೋದಿದ್ರ, ನನ್ನ ತಾಟನೂ ಅಲ್ಲೇ ಹಾಕ್ರಿ” ಎಂದರು. ಆಮೇಲೆ ಅತ್ತೆಯವರು ನನ್ನ ಕಡೆ ತಿರುಗಿ ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ: “ಅವಗ ಬರಿ, ನಿಮ್ಮವ್ವ ತಾಟ ಮುಂದಿಟ್ಕೊಂಡು ಕುಂತಾಳ, ನೀ ಬಂದು ಬಾಜೂಕ ಕುಂತ ಮ್ಯಾಲೇ ಉಣ್ತಾಳಂತ ಬರಿ.”