ಬಸಂತರಾಯ ಮಾಸ್ತರರ ಮೂರು ಪ್ರಶ್ನೆ

ಆಲಮೇಲ
೧೭ ಆಗಸ್ಟ್ ೨೦೦೮, ರವಿವಾರ

ಪ್ರೀತಿಯ ಸುರೇಖಾ,

ನಿನ್ನ ಪತ್ರ ಬಂದು ಹನ್ನೊಂದು ದಿನವಾಯಿತು. ಇತ್ತ ನಾವೆಲ್ಲ ಆರಾಮ ಎಂದು ಬರೆಯಲು ಕೂತರೆ ಆ ಸಾಲಿನಲ್ಲೇ ಪೆನ್ನು ನಿಲ್ಲುತ್ತದೆ. ಮೈ ಆರಾಮ ಐತಿ, ಅಷ್ಟು ಮಾತ್ರ ಬರೆಯುತ್ತೇನೆ. ಮುನ್ನೂರು ಮಕ್ಕಳ ಎದುರು ಸೀಟಿ ಊದಿ ಗದರಿಸುವ ಪಿ.ಟಿ. ಟೀಚರಿಗೆ ಗೆಳತಿಯ ಒಂದು ಪತ್ರಕ್ಕೆ ಉತ್ತರ ಬರೆಯಲು ಹನ್ನೊಂದು ದಿನ ಬೇಕಾಯಿತು ನೋಡು. ನಗಬೇಡ.

ನೀನು ಕೇಳಿದ್ದು ಒಂದೇ ಮಾತು. ನಿನ್ನ ಮಗಳು ಐಶ್ವರ್ಯ ಎಂಟನೆಯ ಇಯತ್ತೆಗೆ ಬಂದಿದ್ದಾಳೆ, ಕಬಡ್ಡಿ ಆಡೇ ಆಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನಿಮ್ಮ ಮನೆಯವರು ಬೇಡ ಅಂದಿದ್ದಾರೆ. ಯಂಕಂಚಿಯಿಂದ ನಿಮ್ಮವ್ವ ಸುಂದರವ್ವ ಬಂದು ಅತ್ತು ಹೋಗಿದ್ದಾಳೆ. ನೀನೊಬ್ಬಳೇ "ವಿದ್ಯಾ ಹೂಂ ಅಂದ್ರ ಕಳಸ್ತೇನಿ. ಆಕೀ ಮನ್ಯಾಗ ಇದ್ದು ಆಕೀ ಸಾಲ್ಯಾಗ ಕಲೀಲಿ. ಅವತ್ತ ನನ್ನ ಕಾಳಜಿ ಮಾಡಿದಾಕಿ ಆಕಿ ಒಬ್ಬಾಕೀನ" ಎಂದು ಮನೆಯವರ ಬಾಯಿ ಮುಚ್ಚಿಸಿದ್ದೀ. ಕೆಳಗೆ ಇನ್ನೊಂದು ಸಾಲು: "ಆ ಬಸಂತರಾಯ ಮಾಸ್ತರನ ನೆರಳು ಮಾತ್ರ ನನ್ನ ಮಗಳ ಮ್ಯಾಲ ಬೀಳಬಾರದು ನೋಡ."

ಈ ಪತ್ರ ಪೂರ್ತಿ ಓದುವ ತನಕ ನನ್ನ ಹೂಂ ಅನ್ನೋದಕ್ಕೆ ಬೆಲೆಯಿಲ್ಲ. ಓದಿದ ಮೇಲೆ ಇರುತ್ತದೋ ಇಲ್ಲವೋ ನೀನೇ ಹೇಳಬೇಕು.

ನಿನಗೆ ಆ ದಿನದ್ದು ಏನೂ ನೆನಪಿಲ್ಲ. ಬೆಳಿಗ್ಗೆ ಸಿಂದಗಿಯಲ್ಲಿ ಬಸ್ ಹತ್ತಿದ್ದು ನೆನಪು, ಆಮೇಲೆ ವಿಜಾಪುರದ ದವಾಖಾನೆಯ ಹಸಿರು ಗೋಡೆ. ನಡುವಿನದನ್ನೆಲ್ಲ ನಾನೇ ತುಂಬಿದೆ. ಹದಿನಾರು ವರ್ಷದಿಂದ ನೀನು ನೆನಪು ಅಂದುಕೊಂಡಿದ್ದು ನಾನು ಹೇಳಿದ ಕಥೆ. ಈಗ ಆದದ್ದನ್ನು ಹೇಳುತ್ತೇನೆ.

ತೊಂಬತ್ತೆರಡರ ನವೆಂಬರ್, ಬಸವನ ಬಾಗೇವಾಡಿಯ ಮೈದಾನ, ಜಿಲ್ಲಾ ಫೈನಲ್. ನಾವು ಸಿಂದಗಿ ಕಾಲೇಜಿನವರು, ಎದುರಿಗೆ ಇಂಡಿ ಊರಿನ ಕಾಲೇಜಿನವರು. ನಾನು ಕ್ಯಾಪ್ಟನ್. ರೇಡಿಗೆ ಹೋಗಿ ಅಂಕ ತರುವವಳು ನಮ್ಮಲ್ಲಿ ನೀನೊಬ್ಬಳೇ. ಉಳಿದವರು ಹೋದರೆ ಮುಟ್ಟದೆ ತಿರುಗಿ ಬರುತ್ತಿದ್ದರು, ನಾನೂ ಸೇರಿ. ನಮ್ಮ ಬೆರಳಿನ ಸನ್ನೆ ನಿನಗೆ ನೆನಪಿರಬೇಕು. ಎದುರಿನ ರೇಡರ್ ಒಳಗೆ ಬಂದಾಗ ನಾನು ಬೆನ್ನ ಹಿಂದೆ ಒಂದು ಬೆರಳು ತೋರಿಸಿದರೆ ಪಾದ ಹಿಡಿಯಬೇಕು, ಎರಡಾದರೆ ತೊಡೆ, ಮೂರಾದರೆ ಕೈಕೈ ಹಿಡಿದು ಸರಪಳಿ. ಯಾಕೆ ಏನು ಅಂತ ಯಾರೂ ಕೇಳುವಂತಿಲ್ಲ. ಎರಡು ವರ್ಷ ಅಭ್ಯಾಸ ಮಾಡಿ ಮಾಡಿ ನನ್ನ ಬೆರಳು ಎದ್ದರೆ ನಿನ್ನ ಮೈ ತಾನೇ ಓಡುತ್ತಿತ್ತು.

ನಾವು ಮೂರು ಅಂಕ ಮುಂದಿದ್ದೆವು. ಇನ್ನೂ ಏಳು ನಿಮಿಷ ಆಟ ಬಾಕಿ. ಇಂಡಿ ತಂಡದ ಆ ಎತ್ತರದ ಹುಡುಗಿ ಬಂದಳು, ನಾನು ಒಂದು ಬೆರಳು ತೋರಿಸಿದೆ, ನೀನು ಅವಳ ಪಾದಕ್ಕೆ ಹಾರಿದಿ. ಹಿಡಿಯುವಾಗ ತಲೆ ಪಕ್ಕಕ್ಕಿರಬೇಕು, ಕಾಲಿನ ಮುಂದೆ ಹೋಗಬಾರದು. ಇದನ್ನು ನಾನು ಈಗ ನನ್ನ ಹುಡುಗಿಯರಿಗೆ ದಿನಾ ಹೇಳುತ್ತೇನೆ. ಆಗ ನಮಗೆ ಯಾರೂ ಹೇಳಿರಲಿಲ್ಲ. ಅವಳ ಮೊಣಕಾಲು ನಿನ್ನ ಕಪಾಳದ ಮೇಲೆ, ಕಿವಿಯ ಮುಂದೆ ಬಡಿಯಿತು. ತೆಂಗಿನಕಾಯಿ ಒಡೆದಂಥ ಸಪ್ಪಳ. ನೀನು ಬಿದ್ದಿ, ಸೀಟಿ ಬಿತ್ತು, ಆ ರೇಡು ಲೆಕ್ಕಕ್ಕಿಲ್ಲದೆ ಹೋಯಿತು. ನಾನು ಓಡಿ ಬಂದು ಮುಖಕ್ಕೆ ನೀರು ಹೊಡೆದೆ. ನೀನು ಕಣ್ಣು ಬಿಟ್ಟಿ, ಎದ್ದು ಕೂತಿ. ಸ್ವಲ್ಪ ಮಂಕಾಗಿದ್ದಾಳೆ, ಕಣ್ಣಿಗೆ ಧೂಳು ಹೋಗಿರಬೇಕು, ಅಂದುಕೊಂಡೆ.

ಬಸಂತರಾಯ ಮಾಸ್ತರು ಅಂಪೈರ್ ಇದ್ದರು. ಬೇರೆ ಅಂಪೈರಾಗಿದ್ದರೆ ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದು, ಏಳವಾ ಏಳವಾ ಎಂದು ಆಟ ಮುಂದುವರಿಸುತ್ತಿದ್ದರು. ಮಾಸ್ತರರದು ಹಾಗಲ್ಲ. ತಲೆಗೆ ಪೆಟ್ಟು ಬಿದ್ದವರಿಗೆ ಮೂರು ಪ್ರಶ್ನೆ. ನಿನ್ನ ಊರು ಯಾವುದು, ಇವತ್ತು ವಾರ ಯಾವುದು, ಆಟದಲ್ಲಿ ಯಾರು ಎಷ್ಟು ಮುಂದಿದ್ದಾರೆ. ಒಂದು ತಪ್ಪಿದರೂ ಹೊರಗೆ, ಮತ್ತೆ ಆ ದಿನ ಒಳಗಿಲ್ಲ. ನಾವೆಲ್ಲ ಅದಕ್ಕೆ ಮಾಸ್ತರರ ಪರೀಕ್ಷೆ ಎಂದು ಹಿಂದಿನಿಂದ ನಗುತ್ತಿದ್ದೆವು.

ಅವರು ನಿನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ನಾನು ಅವರ ಬೆನ್ನ ಹಿಂದೆ ನಿಂತಿದ್ದೆ. ಊರು ಕೇಳಿದರು, ಯಂಕಂಚಿ ಅಂದಿ. ವಾರ ಕೇಳಿದರು, ನೀನು ತಲೆ ಎತ್ತಿ ನನ್ನ ಕಡೆ ನೋಡಿದಿ. ನಾನು ಅವರ ತಲೆಯ ಮೇಲಿನಿಂದ ಸಪ್ಪಳವಿಲ್ಲದೆ ತುಟಿ ಆಡಿಸಿದೆ, ಶನಿವಾರ. ನೀನು ನನ್ನ ಬಾಯಿ ನೋಡಿ ಶನಿವಾರ ಅಂದಿ. ಮೂರನೆಯದಕ್ಕೆ ನಾನು ಎದೆಯ ಮುಂದೆ ಮೂರು ಬೆರಳು ಎತ್ತಿದೆ. "ಮೂರ ಮುಂದ ಅದೀವ್ರಿ" ಅಂದಿ. ಮಾಸ್ತರು ನಿನ್ನ ಬೆನ್ನು ಚಪ್ಪರಿಸಿ ಸೀಟಿ ಊದಿದರು.

ಬರೆದುಬಿಟ್ಟೆ. ಇಷ್ಟನ್ನು ಬರೆಯಲು ಮೂರು ಹಾಳೆ ಹರಿದಿದ್ದೇನೆ.

ಮುಂದಿನದು ನಿನಗೆ ನಾನು ಹೇಳಿದಂತೆಯೇ ಆಯಿತು, ಆ ಭಾಗದಲ್ಲಿ ಸುಳ್ಳಿಲ್ಲ. ಎರಡು ನಿಮಿಷಕ್ಕೆ ನೀನು ರೇಡಿಗೆ ಹೋದಿ. ಅವರ ಇಬ್ಬರು ಬಂದು ಎದೆಗೆ ಗುದ್ದಿ ಹಿಂದಕ್ಕೆ ತಳ್ಳಿದರು. ಬೇರೆ ದಿನವಾಗಿದ್ದರೆ ನೀನು ಬೆಕ್ಕಿನ ಹಾಗೆ ಮೈ ತಿರುಗಿಸಿ ಬೀಳುತ್ತಿದ್ದಿ. ಅವತ್ತು ಕೈ ಊರಲೇ ಇಲ್ಲ, ಹಿಂದಲೆ ನೇರ ನೆಲಕ್ಕೆ ಬಿತ್ತು. ಮೂರು ದಿನ ಎಚ್ಚರವಿರಲಿಲ್ಲ, ನಾನೇ ದವಾಖಾನೆಗೆ ಒಯ್ದು ಹತ್ತಿರ ಕೂತಿದ್ದೆ. ಆಟವನ್ನು ಅಲ್ಲಿಗೇ ನಿಲ್ಲಿಸಿ, ಮುಂದಿದ್ದವರು ಗೆದ್ದರೆಂದು ಬರೆದುಕೊಂಡರು. ಅಂದರೆ ನಾವು.

ದವಾಖಾನೆಯಲ್ಲಿ ಡಾಕ್ಟರು, ಇದಕ್ಕಿಂತ ಮೊದಲು ಪೆಟ್ಟು ಬಿದ್ದಿತ್ತೇನು ಎಂದು ನನ್ನನ್ನೇ ಕೇಳಿದರು. ಸಣ್ಣದೊಂದು ತಾಗಿತ್ತು, ಮಾಸ್ತರು ನೋಡಿ ಒಳಗೆ ಬಿಟ್ಟರು ಅಂದೆ. ನಿಮ್ಮಪ್ಪ ಗುರಣ್ಣ ಕಾಕಾ ಪಕ್ಕದಲ್ಲೇ ನಿಂತಿದ್ದರು. ಆ ಒಂದು ಮಾತು ಸಾಕಾಯಿತು. ಮರುವಾರ ಅವರು ಹತ್ತು ಮಂದಿಯನ್ನು ಕರೆದುಕೊಂಡು ಮುದ್ದೇಬಿಹಾಳಕ್ಕೆ ಹೋಗಿ, ಮಾಸ್ತರರನ್ನು ಅವರ ಸಾಲಿಯ ಮುಂದೆ, ಮಕ್ಕಳ ಎದುರಿಗೇ ನಿಲ್ಲಿಸಿ ಬೈದರು. ನಾನೂ ಹೋಗಿದ್ದೆ. "ನಂದ ತಪ್ಪಾತ್ರಿ ಗೌಡ್ರ" ಎಂದು ಅವರು ಕೈಮುಗಿದರು. ನಾನು ಕಾಲ ಬೆರಳು ನೋಡುತ್ತ ನಿಂತಿದ್ದೆ. ಅವರು ಮತ್ತೆಂದೂ ಸೀಟಿ ಹಿಡಿಯಲಿಲ್ಲ.

ಇನ್ನು ನನ್ನದು. ಆ ಫೈನಲ್ಲಿನ ಗೆದ್ದ ಕ್ಯಾಪ್ಟನ್ ಎಂಬ ಸರ್ಟಿಫಿಕೇಟಿನ ಮೇಲೆ ನನಗೆ ದೈಹಿಕ ಶಿಕ್ಷಣದ ಕೋರ್ಸಿಗೆ ಸೀಟು ಸಿಕ್ಕಿತು, ಅದರ ಮೇಲೆ ಈ ನೌಕರಿ. ಗೆದ್ದರೆ ಸೀಟು ಸಿಗುತ್ತದೆ ಎಂದು ಆ ದಿನವೇ ನನಗೆ ಗೊತ್ತಿತ್ತು. ತಂಡಕ್ಕಾಗಿ, ಕಾಲೇಜಿನ ಮರ್ಯಾದೆಗಾಗಿ ಎಂದೆಲ್ಲ ಬರೆಯಬಹುದು. ಬರೆದರೆ ನನ್ನ ಕೈ ಮುರಿಯಲಿ. ನಾನು ನನಗಾಗಿ ಬೆರಳು ಎತ್ತಿದೆ. ನೀನು ಪರೀಕ್ಷೆಗೆ ಕೂರಲಾಗದೆ ಪಿ.ಯು.ಸಿ. ಬಿಟ್ಟಿ. ಈಗಲೂ ಹಲಗಿ ಸಪ್ಪಳ ಕೇಳಿದರೆ ತಲೆ ಹಿಡಿದುಕೊಂಡು ಒಳಗೆ ಹೋಗುತ್ತೀ.

ಹೋದ ವರ್ಷ ನಿನ್ನ ಗಂಡನ ಮನೆ ತಾಂಬಾಕ್ಕೆ ಬಂದಿದ್ದೆನಲ್ಲ, ಒಲೆಯ ಮೇಲೆ ಝುಣಕ ಸೀದು ಮನೆಯೆಲ್ಲ ಹೊಗೆವಾಸನೆ ತುಂಬಿತ್ತು. ನೀನು ಒಲೆಯ ಮುಂದೆಯೇ ಕೂತು, ನನಗೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತ ನಗುತ್ತ ಮಾತಾಡುತ್ತಿದ್ದಿ. ಆ ಪೆಟ್ಟಿನ ನಂತರ ನಿನ್ನ ಮೂಗಿಗೆ ವಾಸನೆ ಹತ್ತುವುದಿಲ್ಲ ಎಂಬುದು ನನಗೆ ಅವತ್ತೇ ತಿಳಿದದ್ದು. ನೀನು ಒಂದು ಸಲವೂ ಹೇಳಿರಲಿಲ್ಲ. ನಿಮ್ಮ ಮನೆಯವರು ಹೊರಗಿನಿಂದ ಬಂದು ಪಾತ್ರೆ ಇಳಿಸಿ ನೆಲಕ್ಕಿಟ್ಟು ಹೋದರು. ಎಷ್ಟು ಸಲ ಇಳಿಸಿ ರೂಢಿಯೋ ಅವರಿಗೆ. ನಾನು ಸೀದ ಝುಣಕ ತಿಂದು, ಭಾಳ ರುಚಿ ಆಗೇತಿ ಅಂದೆ. ಆಲಮೇಲದ ಬಸ್ಸಿನಲ್ಲಿ ಕೂತು ಅತ್ತೆ. ಅಳುವುದು ಸುಲಭದ ಕೆಲಸ, ಅದರಿಂದ ಯಾರಿಗೂ ಏನೂ ಆಗುವುದಿಲ್ಲ.

ಹಾಗೆಂದು ಅಲ್ಲಿಗೇ ಬಾಯಿ ಬಿಟ್ಟೆನೆಂದು ತಿಳಿಯಬೇಡ. ಮೊನ್ನೆ ಪಂಚಮಿಗೂ ಸುಂದರವ್ವ ಕಳಿಸಿದ ಉಂಡಿ ತಿಂದೆ. ಮಗಳ ಜೀವ ಉಳಿಸಿದಾಕಿ ಎಂದು ನಿಮ್ಮವ್ವ ಪ್ರತಿ ವರ್ಷ ನನಗೆ ಬೇರೆ ಡಬ್ಬಿ ಕಟ್ಟುತ್ತಾಳೆ. ಬೇಡ ಅನ್ನಲು ಕಾರಣ ಹೇಳಬೇಕಾಗುತ್ತದೆಂದು ಇಸಕೊಳ್ಳುತ್ತೇನೆ.

ನಿನ್ನ ಪತ್ರ ಬಂದ ಮೇಲೆ, ಕಳೆದ ಬುಧವಾರ, ಸಾಲಿಯ ಕೆಲಸಕ್ಕೆ ಮುದ್ದೇಬಿಹಾಳಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಮಾಸ್ತರು ಸಿಕ್ಕರು. ಕೈಗೆ ಕೋಲು ಬಂದಿದೆ, ಗುರುತು ಹಿಡಿದು ಅವರೇ ಮಾತಾಡಿಸಿದರು. ಮೊದಲು ಕೇಳಿದ್ದೇ ನಿನ್ನನ್ನು. "ಆ ಹುಡುಗಿ ಹ್ಯಾಂಗ ಅದಾಳವಾ? ಮೂರಕ್ಕೂ ಬರೋಬ್ಬರಿ ಹೇಳಿದ್ಲು ನೋಡ. ನಾ ಇನ್ನೊಂದ ಕೇಳಬೇಕಾಗಿತ್ತು" ಅಂದರು. ಹದಿನಾರು ವರ್ಷದಿಂದ ಆ ಮನುಷ್ಯ ನಾಲ್ಕನೆಯ ಪ್ರಶ್ನೆ ಯಾವುದಿರಬೇಕಿತ್ತು ಎಂದು ಹುಡುಕುತ್ತಿದ್ದಾರೆ. ನಾನು, ಬಸ್ ಬಂತ್ರಿ ಸರ್, ಎಂದು ಹೇಳಿ ಹತ್ತಿಬಿಟ್ಟೆ. ಅದು ನಾನು ಹತ್ತಬೇಕಾದ ಸಿಂದಗಿ ಬಸ್ಸೂ ಆಗಿರಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬಂದೆ. ಅಷ್ಟು ನಾಚಿಕೆಗೇಡು ನಿನ್ನ ಗೆಳತಿ.

ಬರುವ ರವಿವಾರ ಮಾಸ್ತರರ ಮನೆಗೆ ಹೋಗಿ ಇದನ್ನೆಲ್ಲ ಬಾಯಿಂದ ಹೇಳುತ್ತೇನೆ. ಅಲ್ಲಿಂದ ಯಂಕಂಚಿಗೆ ಬಂದು ಗುರಣ್ಣ ಕಾಕಾ, ಸುಂದರವ್ವನ ಮುಂದೆ ಕೂರುತ್ತೇನೆ. ಅವರು ಹೊಡೆದರೆ ಹೊಡೆಯಲಿ. ನಿನಗೆ ಮೊದಲು ಗೊತ್ತಾಗಬೇಕೆಂದು ಈ ಪತ್ರ.

ಐಶ್ವರ್ಯಳ ಮಾತು. ಆಡುವ ಹುಡುಗಿಯನ್ನು ಕಟ್ಟಿಹಾಕಬೇಡ, ನಿನ್ನ ಮಗಳು, ಕಟ್ಟಿದರೂ ನಿಲ್ಲುವುದಿಲ್ಲ. ಆದರೆ ಹಿಡಿಯುವಾಗ ತಲೆ ಎಲ್ಲಿಡಬೇಕು, ಬೀಳುವಾಗ ಗದ್ದ ಎದೆಗೆ ಹೇಗೆ ಒತ್ತಬೇಕು ಎಂದು ಕಲಿಸುವವರ ಹತ್ತಿರ ಬಿಡು. ತಲೆಗೆ ಪೆಟ್ಟು ಬಿದ್ದರೆ ಆ ದಿನ ಆಟ ಮುಗಿಯಿತು, ಪ್ರಶ್ನೆಗೆ ಸರಿ ಉತ್ತರ ಹೇಳಿದರೂ ಮುಗಿಯಿತು. ನನ್ನ ಮೈದಾನದಲ್ಲಿ ಈಗ ಅದೇ ಕಾಯದೆ, ಹುಡುಗಿಯರು ಬೈದುಕೊಳ್ಳುತ್ತಾರೆ. ನನ್ನ ಹತ್ತಿರವೇ ಕಳಿಸು ಎಂದು ಕೇಳುವ ಮುಖ ನನಗಿಲ್ಲ. ಕಳಿಸಬೇಡ ಅಂದರೆ ಒಪ್ಪುತ್ತೇನೆ. ಮಾತು ಬಿಟ್ಟರೂ ಒಪ್ಪುತ್ತೇನೆ, ಆದರೆ ನೀನೇ ಬಂದು ಬೈದು ಬಿಡು, ಸುಮ್ಮನೆ ಬಿಡಬೇಡ.

ನಿನ್ನ ಕಾಳಜಿ ಮಾಡಿದವಳಲ್ಲದ,
ವಿದ್ಯಾವತಿ

ತಾ.ಕ.: ಪತ್ರವನ್ನು ಅಂಟಿಸಿ ಪೆಟ್ಟಿಗೆಗೆ ಹಾಕಲು ಹೋದವಳು ತಿರುಗಿ ಬಂದು ಬಿಚ್ಚಿದೆ. ಮೇಲೆ, ನೀನು ಸ್ವಲ್ಪ ಮಂಕಾಗಿದ್ದೀ ಅಂದುಕೊಂಡೆ ಎಂದು ಬರೆದಿದ್ದೇನಲ್ಲ, ಅದು ಸುಳ್ಳು. ಮಾಸ್ತರು ಬರುವ ಮೊದಲು, ನಾನು ಮುಖಕ್ಕೆ ನೀರು ಹೊಡೆದಾಗ, ನೀನು ಕಣ್ಣು ಬಿಟ್ಟು ನನ್ನನ್ನೇ ನೋಡಿ, "ನೀವ್ಯಾರ್ರಿ? ನಮ್ಮ ವಿದ್ಯಾ ಇಲ್ಲೇ ಎಲ್ಲೋ ಇರಬೇಕು, ಸ್ವಲ್ಪ ಕರೀತೀರೇನ್ರಿ?" ಅಂದಿ. ನಾನು ಹೂಂ ಕರೀತೇನಿ ಎಂದು ಹೇಳಿ, ನಿನ್ನ ತೋಳು ಹಿಡಿದು ಎಬ್ಬಿಸಿ ಕೂರಿಸಿದೆ.