ನನ್ನ ಮಗಳಿಗೆ ಬಾಗಿಲು ತೆಗೆಯಬಾರದೆಂಬ ಷರತ್ತಿನ ಕುರಿತು

ಮಾರ್ಚ್ ೧೪, ಶುಕ್ರವಾರ. ಏಳು ವರ್ಷದ ಮೊಮ್ಮಗಳು ನನ್ನ ಬಳಿ ಇದ್ದಾಳೆ. ಅವಳ ತಾಯಿ, ನನ್ನ ಒಬ್ಬಳೇ ಮಗಳು, ವ್ಯಸನಮುಕ್ತಿ ಕೇಂದ್ರದಲ್ಲಿದ್ದಾಳೆ. ಮುಂದಿನ ವಾರ ಹೊರಗೆ ಬರುತ್ತಾಳೆ.

ಮಕ್ಕಳ ರಕ್ಷಣೆಯ ಹೊಣೆ ಹೊತ್ತ ಅಧಿಕಾರಿಗಳೇ,

ಮಗಳನ್ನು ಮನೆಗೆ ಸೇರಿಸಿದರೆ ಮೊಮ್ಮಗಳನ್ನು ವಾಪಸ್ ಕರೆದೊಯ್ಯುತ್ತೇವೆ ಎಂಬುದು ತಮ್ಮ ಆದೇಶ. ಮನೆಯ ಆಸರೆಯಿಲ್ಲದೆ ಹೊರಬಿದ್ದವರು ಮತ್ತೆ ಮಾತ್ರೆಗೇ ಮರಳುತ್ತಾರೆ, ಆದ್ದರಿಂದ ಬಂದು ಕರೆದುಕೊಂಡು ಹೋಗಿ ಎಂಬುದು ಕೇಂದ್ರದವರ ಸೂಚನೆ. ಅವರ ಕಚೇರಿ ತಮ್ಮ ಕಟ್ಟಡದಲ್ಲೇ, ಒಂದು ಮಹಡಿ ಕೆಳಗಿದೆ. ನಡುವೆ ಮೆಟ್ಟಿಲುಗಳಿವೆ, ಮಂಡಿನೋವಿನಲ್ಲೂ ನಾನು ಹತ್ತಿ ಇಳಿದಿದ್ದೇನೆ. ತಮ್ಮವರು ಯಾರೂ ಅವನ್ನು ಬಳಸಿದಂತಿಲ್ಲ.

ಮೊದಲು ತಾವು ಮಗುವನ್ನು ತಾಯಿಯಿಂದ ಒಯ್ದದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಕೆಲಸಕ್ಕಿದ್ದ ಬೇಕರಿಯ ಒಲೆಯಲ್ಲಿ ಮಗಳ ತೋಳು ಸುಟ್ಟಿತು. ನೋವಿಗೆಂದು ಕೊಟ್ಟ ಮಾತ್ರೆ ಗಾಯ ಮಾಗಿದ ಮೇಲೂ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಅವಳು ಅಡುಗೆಮನೆಯ ನೆಲದ ಮೇಲೆ ಎಚ್ಚರವಿಲ್ಲದೆ ಬಿದ್ದಿದ್ದಳು. ಮಗು ಸ್ಟೂಲ್ ಹತ್ತಿ, ಗ್ಯಾಸ್ ಹಚ್ಚಿ, ಅಮ್ಮನಿಗೆಂದು ಹಾಲು ಕಾಯಿಸುತ್ತಿತ್ತು. ಪಕ್ಕದ ಮನೆಯವರು ತಮಗೆ ಫೋನ್ ಮಾಡಿದ್ದು ಸರಿಯೇ.

ಮಗುವನ್ನು ನನಗೆ ಒಪ್ಪಿಸುವ ಮುನ್ನ ತಮ್ಮ ಕಚೇರಿಯ ಹೆಣ್ಣುಮಗಳೊಬ್ಬರು ಮನೆ ನೋಡಲು ಬಂದರು. ಒಳ್ಳೆಯವರು. ಕಿಟಕಿಯ ಚಿಲಕ, ಗ್ಯಾಸಿನ ಪೈಪು ಎಲ್ಲ ಪರೀಕ್ಷಿಸಿ ಕೊನೆಗೆ ಕೇಳಿದರು: "ನಿಮ್ಮ ಮಗಳು ಬಂದು ಬಾಗಿಲು ತಟ್ಟಿದ್ರೆ ಏನು ಮಾಡ್ತೀರಮ್ಮಾ?"

"ತೆಗೀತೀನಿ. ಇನ್ನೇನು ಮಾಡ್ತಾರೆ?"

ಈ ಒಂದು ಉತ್ತರದಿಂದ ಆ ಷರತ್ತು ಹುಟ್ಟಿತು. ನನ್ನ ತಮ್ಮ ತಲೆ ಚಚ್ಚಿಕೊಂಡ: "ತೆಗೆಯಲ್ಲ ಅಂತ ಒಂದು ಮಾತು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು ಅಕ್ಕಾ?" ಅವನ ಮಾತು ನಿಜವಲ್ಲವೇ? ಸುಳ್ಳು ಹೇಳುವ ಅಜ್ಜಿ ಯೋಗ್ಯಳು, ನಿಜ ಹೇಳುವವಳು ಅಪಾಯಕಾರಿ: ತಾವು ಮನೆಗಳನ್ನು ಅಳೆಯುವುದು ಹೀಗೆಯೇ?

ಮೊಮ್ಮಗಳಿಗೆ ವಿಷಯ ತಿಳಿಸಿದೆ. ಅವಳು ಕೇಳಿದಳು: "ಅಮ್ಮ ಒಳಗೆ ಬರಬಾರದು, ಸರಿ. ನಾವೇ ಹೊರಗೆ ಹೋಗಬಹುದಲ್ವಾ ಅಜ್ಜಿ?"

ತಮ್ಮ ಕಚೇರಿಯಲ್ಲಿ ಯಾರಿಗೂ ಹೊಳೆಯದ ಉಪಾಯ. ಬಂದು ವಿಚಾರಿಸಿದೆ. "ಅದಕ್ಕೂ ಸಾಹೇಬರ ಅನುಮತಿ ಬೇಕಮ್ಮಾ" ಎಂದರು ಗುಮಾಸ್ತರು, ಕತ್ತೆತ್ತದೆ. ತಾವು ಅಂದು ಮಕ್ಕಳ ಹಕ್ಕುಗಳ ವಿಚಾರಗೋಷ್ಠಿಗೆ ಹೋಗಿದ್ದಿರಿ. ಮಾರನೆಯ ದಿನವೂ. ಅದಕ್ಕೇ ಈ ಪತ್ರವನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ.

ನಾನು ಕೇಳುವುದು ಇಷ್ಟೇ. ಹೊರಬಂದವಳು ತಂಗಲು ಒಂದು ಜಾಗ ಕೊಡಿ. ತಾಯಿ ಮಗಳು ವಾರಕ್ಕೊಮ್ಮೆ ಮುಖ ನೋಡಿಕೊಳ್ಳಲು ಒಂದು ಕೋಣೆ ಕೊಡಿ. ಬೇಕಾದರೆ ತಮ್ಮವರೇ ಕಾವಲು ಕೂರಲಿ. ಮುಂದಿನ ವಾರದೊಳಗೆ ಕೊಡಿ.

ತಾವು ಕೊಡುತ್ತೀರೆಂಬ ನಂಬಿಕೆ ನನಗಿಲ್ಲ. ಆದ್ದರಿಂದ ಇಬ್ಬರಲ್ಲಿ ಚಿಕ್ಕವಳನ್ನು ಉಳಿಸಿಕೊಳ್ಳುತ್ತೇನೆ. ಮಗಳು ಬಂದು ತಟ್ಟಿದರೆ ಬಾಗಿಲು ತೆಗೆಯುವುದಿಲ್ಲ. ಇದನ್ನು ಅವಳು ಪತ್ರಿಕೆಯಲ್ಲಿ ಓದಿ ತಿಳಿಯಬಾರದು. ನಾಳೆ ಕೇಂದ್ರದಲ್ಲಿ ಭೇಟಿಯ ದಿನ. ನಾನೇ ಹೋಗಿ ಹೇಳಬೇಕೆಂದು ತೀರ್ಮಾನಿಸಿದ್ದೇನೆ. ಮನೆಗೆ ಬರುವಾಗ ಹಾಕಿಕೊಳ್ಳಲು ತನ್ನ ಚಪ್ಪಲಿ ತರಬೇಕೆಂದು ಅವಳು ಹೇಳಿ ಕಳಿಸಿದ್ದಾಳೆ. ಅದನ್ನೂ ಒಯ್ಯುತ್ತೇನೆ.

ಇಂತಿ,
ತಮ್ಮ ಆದೇಶದಂತೆ ಇನ್ನು ಮುಂದೆ ಅಜ್ಜಿ ಮಾತ್ರ