ಹೂವು ಉದುರಿದ ಮೇಲೆ ಕಟ್ಟಿದ ಚೀಲ

ದೇವದುರ್ಗ
14-9-1978, ಗುರುವಾರ

ನನ್ನ ಜೀವದ ಮಗಳು ಖುರ್ಷೀದಳಿಗೆ,

ನಿನ್ನ ಅಬ್ಬಾ ಅಮೀರ್ ಸಾಬ್ ಮಾಡುವ ಸಲಾಂ ಮತ್ತು ದುವಾ. ರಂಜಾನ್ ಹಬ್ಬ ಮುಗಿದು ಹತ್ತು ದಿನವಾಯಿತು, ಅಬ್ಬಾನಿಂದ ಒಂದು ಸಾಲು ಬರಲಿಲ್ಲವೆಂದು ಮುನಿಸಿಕೊಂಡಿರಬೇಕು. ಮುನಿಸಿಕೋ, ತಪ್ಪಿಲ್ಲ. ಯಾವಾಗಲೂ ಉರ್ದುವಿನಲ್ಲಿ ಬರೆಯುವವನು ಈ ಸಲ ಕನ್ನಡ ಹಿಡಿದಿದ್ದೇನೆ. ನೀನು ಶಾಲೆಗೆ ಹೋಗುವಾಗ ನಿನ್ನ ಪಾಟಿಯ ಪಕ್ಕ ಕೂತು ಕಲಿತ ಅಕ್ಷರ, ತಪ್ಪಿದ್ದರೆ ನಗು. ನಿನ್ನ ಅತ್ತೆ ಬಡೇಬೀಯವರ ಮನೆಯಲ್ಲಿ ಕನ್ನಡ ಓದುವವಳು ನೀನೊಬ್ಬಳೇ. ಅದಕ್ಕೇ ಹೀಗೆ. ಒಬ್ಬಳೇ ಕೂತು ಕೊನೆಯವರೆಗೆ ಓದು.

ಮೊದಲು ಹೇಳು, ಕೆಮ್ಮು ನಿಂತಿತೇ? ರಂಜಾನಿಗೆ ಮುಂಚೆ ಶಬೇಬರಾತ್ ಹಬ್ಬಕ್ಕೆ ಬಂದವಳು ಎಂಟು ದಿನವೂ ಕೆಮ್ಮುತ್ತಿದ್ದಿ. "ಮಾನ್ವಿ ಧೂಳು ಅಬ್ಬಾ, ತಾನ ಹೋಗ್ತದ" ಎಂದಿದ್ದಿ. ಸಂಜೆ ಮೈ ಬಿಸಿಯಾಗುತ್ತದೆಯೇ? ನಿನ್ನ ಅಮ್ಮಿ ದಿನಕ್ಕೆ ನಾಲ್ಕು ಸಲ ಇದನ್ನೇ ನನ್ನ ಹತ್ತಿರ ಕೇಳುತ್ತಾಳೆ. ನಾನೇನು ಹಕೀಮನೇ ಎಂದು ರೇಗುತ್ತೇನೆ.

ಇಲ್ಲಿ ಬಿಸಿಲು ಕಂಡು ಎಷ್ಟೋ ದಿನವಾಯಿತು. ಹೊಳೆಯ ಕಡೆಯಿಂದ ಮೋಡ ಏಳುತ್ತದೆ, ಧೋ ಎಂದು ಸುರಿದು ಮುಗಿಸುವುದೂ ಇಲ್ಲ, ಬಿಡುವುದೂ ಇಲ್ಲ, ಜಿಟಿಜಿಟಿ ಹಿಡಿದುಕೊಂಡೇ ಇರುತ್ತದೆ. ದಾಳಿಂಬೆಗೆ ಇಂಥ ಹವೆ ಆಗಿಬರುವುದಿಲ್ಲ. ಎಲೆಯ ಮೇಲೆ ಚುಕ್ಕೆ ಬಿದ್ದಿದೆ. ಅದಕ್ಕೆ ಔಷಧ ಹೊಡೆದೆ, ಹೊಡೆದ ಮಧ್ಯಾಹ್ನವೇ ಮಳೆ ಬಂದು ತೊಳೆದುಕೊಂಡು ಹೋಯಿತು.

ಆದರೆ ನಮ್ಮನ್ನು ತಿಂದದ್ದು ಮಳೆಯಲ್ಲ. ನೀನಿದ್ದಾಗ ಆ ಸಣ್ಣ ನೇರಳೆ ಚಿಟ್ಟೆ ಹಾರಾಡುತ್ತಿತ್ತಲ್ಲ, ಅದರ ಹುಳ ಕಾಯಿ ಕೊರೆಯುತ್ತದೆಂದೇ ನಾವು ಕಾಯಿಗೊಂದರಂತೆ ಬಟ್ಟೆಯ ಚೀಲ ಕಟ್ಟಿದ್ದು. ನೀನು ಹೊಲಿದು ಕೊಡುತ್ತಿದ್ದಿ, ನಾನು ಸ್ಟೂಲು ಹತ್ತಿ ಕಟ್ಟುತ್ತಿದ್ದೆ. ಅಮ್ಮಿಯ ಸೀರೆ ಮುಗಿದ ಮೇಲೆ ನನ್ನ ಬಿಳಿ ಪೈಜಾಮಗಳಿಗೂ ಕತ್ತರಿ ಬಿತ್ತು. "ತೋಟದ ತುಂಬ ಅಬ್ಬಾನೇ ಜೋತು ಬಿದ್ದಾನ" ಎಂದು ನಿನ್ನ ತಂಗಿ ಮುನ್ನೀ ನಕ್ಕಿದ್ದು ನೆನಪಿದೆಯೇ?

ಮೊನ್ನೆ ಭಾನುವಾರ ಒಂದು ಚೀಲದಿಂದ ಕೊಳೆತ ವಾಸನೆ ಬಂತು. ಬಿಚ್ಚಿದೆ. ಕಾಯಿ ಹೊರಗೆ ದುಂಡಗೆ, ನುಣ್ಣಗೆ ಇತ್ತು, ಬುಡದಲ್ಲಿ ಮಾತ್ರ ಒಂದು ಸಣ್ಣ ತೂತು. ಒಡೆದರೆ ಒಳಗೆ ಬೆರಳು ಗಾತ್ರದ ಹುಳ, ಕಾಳೆಲ್ಲ ಕಪ್ಪು. ಇನ್ನೊಂದು ಬಿಚ್ಚಿದೆ, ಅದೂ ಹಾಗೇ. ನಾಲ್ಕು ದಿನದಿಂದ ಬಿಚ್ಚುತ್ತಲೇ ಇದ್ದೇನೆ. ಹತ್ತರಲ್ಲಿ ಏಳು ಹೋಗಿವೆ.

ಪಕ್ಕದ ತೋಟದ ಪರಮಣ್ಣ ಬೇಲಿ ದಾಟಿ ಬಂದ. "ಯಾವಾಗ ಕಟ್ಟಿದ್ರಿ ಅಮೀರ್ ಸಾಬ್ರ?" ಎಂದ.

"ನಿಂಬಿಕಾಯಿಯಷ್ಟು ಆದ ಮ್ಯಾಗ. ಹೂವಿದ್ದಾಗ ಕಟ್ಟಿದರ ಅರ್ಧ ಉದುರಿ ಬಟ್ಟಿ ದಂಡ ಆಗ್ತದಲ್ಲ" ಎಂದೆ.

"ಅಲ್ರೀ, ಆ ಚಿಟ್ಟಿ ಹೂವಿನ ಮ್ಯಾಗ, ಎಳಿ ಹೀಚಿನ ಮ್ಯಾಗ ತತ್ತಿ ಇಡತದ. ನೀವು ಕಟ್ಟೂದರೊಳಗ ಹುಳ ಒಳಗ ಹೋಗಿ ಕೂತಿತ್ತು. ನೀವು ಅದನ್ನ ಬಟ್ಟಿ ಹೊಚ್ಚಿ ಸಾಕೀರಿ."

ನನಗೆ ಮೈ ಉರಿಯಿತು. ನಿನ್ನ ತೋಟ ನೀ ನೋಡಿಕೋ ಹೋಗೋ ಎಂದು ಬೈದು ಕಳಿಸಿದೆ. ಅವನು ಹೋದ ಮೇಲೆ ಸ್ಟೂಲಿನ ಮೇಲೆಯೇ ಕೂತುಬಿಟ್ಟೆ. ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಮುನ್ನೀಯ ಮದುವೆ ಬಕ್ರೀದ್ ಆದ ಮೇಲೆಂದು ನಿಶ್ಚಯವಾಗಿದೆ. ರಾಯಚೂರಿನಿಂದ ಬೀಗರು ಬಂದಿದ್ದರು. ಒಳ್ಳೆಯ ಜನ, ಆದರೆ ಮನೆತನದಲ್ಲಿ ಯಾರಿಗೂ ಕಾಯಿಲೆ ಇಲ್ಲವಷ್ಟೇ ಎಂದು ಎರಡೆರಡು ಸಲ ಕೇಳಿದರು. ಇಲ್ಲ ಎಂದೆ. ಒಳಗೆ ಚಹಾ ಸೋಸುತ್ತಿದ್ದ ನಿನ್ನ ಅಮ್ಮಿಯ ಕೈಯಿಂದ ಬಟ್ಟಲು ಜಾರಿತು.

ಅಳಿಯಂದಿರು ಮಹಮ್ಮದ್ ಹುಸೇನರಿಗೂ ಬಡೇಬೀಯವರಿಗೂ ನನ್ನ ಸಲಾಂ ಹೇಳು. ಅಲ್ಲಾಹನು ನಿನಗೆ ಪೂರ್ತಿ ಆಯುಷ್ಯ ಕೊಡಲಿ. ಈ ಸಲ ಬಾಯಿಮಾತಿಗೆ ಬರೆಯುತ್ತಿಲ್ಲ ಮಗಳೇ, ಕೈಯೆತ್ತಿ ಬೇಡುತ್ತಿದ್ದೇನೆ.

ನಿನ್ನ ಅಬ್ಬಾ,
ಅಮೀರ್ ಸಾಬ್

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಬರೆಯಬೇಕಾದದ್ದನ್ನೇ ಬರೆದಿರಲಿಲ್ಲ. ನಿನ್ನೆ ಬಾವಿಯ ಪಕ್ಕದ ಗಿಡದಲ್ಲಿ ನನ್ನ ಪೈಜಾಮದ ಒಂದು ಚೀಲ ಬಿಚ್ಚಿದೆ. ಒಳಮಗ್ಗುಲಲ್ಲಿ ಕಂದು ಬಣ್ಣದ ಕಲೆ, ಇಷ್ಟು ಮಳೆಗೂ ಹೋಗಿರಲಿಲ್ಲ. ಅದನ್ನು ನಾನು ಮೊದಲ ಸಲ ನೋಡಿದ್ದಲ್ಲ. ಆ ದಿನ ನೀನು ಅದೇ ಬಟ್ಟೆಗೆ ಬಾಯಿಟ್ಟು ಕೆಮ್ಮಿ, ಒಳಗು ಹೊರಗು ಮಾಡಿ, ಕಣ್ಣು ತಪ್ಪಿಸಿ ನನ್ನ ಕೈಗೆ ಕೊಟ್ಟಿದ್ದಿ. ಕಲೆ ಕೆಂಪಗಿತ್ತು. ನಾನು ನೋಡಿದೆ. ದಾಳಿಂಬೆ ಹೂವಿನ ಬಣ್ಣ ಎಂದುಕೊಂಡು ಕಟ್ಟಿದೆ. ಹೂವೆಲ್ಲ ಉದುರಿ ಹೋಗಿ ಆಗಲೇ ವಾರವಾಗಿತ್ತು, ಗಿಡದಲ್ಲಿ ಒಂದೂ ಇರಲಿಲ್ಲ. ಸುದ್ದಿ ಹೊರಬಿದ್ದರೆ ಮುನ್ನೀಯ ಸಂಬಂಧ ತಪ್ಪುತ್ತದೆಂದು ಬಾಯಿ ಮುಚ್ಚಿಕೊಂಡು ನಿನ್ನನ್ನು ಬಸ್ಸು ಹತ್ತಿಸಿದೆ.

ಇವತ್ತು ಮುನ್ನೀಯ ಮುಂದೆ ಎಲ್ಲ ಹೇಳಿದೆ. "ಅಕ್ಕಾನ್ನ ಬಲಿ ಕೊಟ್ಟು ನನಗ ಮದುವಿ ಮಾಡ್ತಿದ್ದಿಯೇನ್ ಅಬ್ಬಾ?" ಎಂದಳು. ಆಮೇಲೆ ನನ್ನ ಕಡೆ ನೋಡಿಲ್ಲ.

ಸೋಮವಾರ ಮೊದಲ ಬಸ್ಸಿಗೆ ಮಾನ್ವಿಗೆ ಬರುತ್ತೇನೆ. ಅಲ್ಲಿಂದ ಸೀದಾ ರಾಯಚೂರಿನ ದೊಡ್ಡ ದವಾಖಾನೆಗೆ. ನಿನ್ನ ಅತ್ತೆಯ ಮುಂದೆ ನಾನೇ ಮಾತಾಡುತ್ತೇನೆ, ನೀನು ಏನೂ ಮುಚ್ಚಿಡಬೇಡ. ಆ ಚೀಲ ನನ್ನ ಜೇಬಿನಲ್ಲಿದೆ. ಡಾಕ್ಟರು ಎಷ್ಟು ದಿನದಿಂದ ಎಂದು ಕೇಳಿದರೆ ನೀನು ಸುಮ್ಮನಿರು. ಐವತ್ತು ದಿನದ ಮೇಲಾಯಿತು, ತಂದೆ ನೋಡಿದ್ದ ಎಂದು ನಾನು ಹೇಳುತ್ತೇನೆ.